ಸರ್ಪಗಂಧಿ ಬೇರಿನ ಚರಿತ್ರೆ



ಬೆಂಗಳೂರಿನ ದಕ್ಷಿಣ ಭಾಗವನ್ನು ನೀವೆಲ್ಲ ಬಲ್ಲಿರಿ. ಆನೇಕಲ್ಲು, ಕನಕಪುರ, ಬನ್ನೇರುಘಟ್ಟದ ಕಡೆಯಿಂದ ಸೊಪ್ಪು ತರಕಾರಿ ತರುವವರು ಜೆ.ಪಿ. ನಗರ, ಜಯನಗರ, ಬಿ.ಟಿ.ಎಂ. ಬಡಾವಣೆಗಳನ್ನು ದಾಟಿಯೇ ಮಾರುಕಟ್ಟೆಗೆ ಹೋಗಬೇಕು. ಈ ದಾರಿಯಲ್ಲಿ ಎರಡು ದೊಡ್ಡ ಆಸ್ಪತ್ರೆಗಳಿವೆ. ಹೊಸೂರು ರಸ್ತೆಯ ಲಕ್ಕಸಂದ್ರದ ಬಳಿ ನಿಮ್ಹಾನ್ಸ್ ಇದೆ. ಅದು ಮನಸ್ಸು ಮತ್ತು ನರಗಳ ಕಾಯಿಲೆಗೆ. ಬನ್ನೇರುಘಟ್ಟ ರಸ್ತೆಯಲ್ಲಿ, ಜಯನಗರದ ಒಂಬತ್ತನೆಯ ಬಡಾವಣೆಯ ಪಕ್ಕ, ಜಯದೇವ ಹೃದ್ರೋಗ ಸಂಸ್ಥೆ ಇದೆ. ಅದು ಗುಂಡಿಗೆಯ ಕಾಯಿಲೆಗೆ. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ನಮ್ಮ ಮಲೆನಾಡಿನ ಕಾಡಿನಲ್ಲಿ ಬೆಳೆಯುವ ಒಂದು ಸಣ್ಣ ಗಿಡದ ಬೇರು ಈ ಎರಡು ಬಗೆಯ ಕಾಯಿಲೆಗೂ ಮದ್ದಾಗಿ ಒಂದು ಕಾಲದಲ್ಲಿ ಜಗತ್ತನ್ನೇ ಸುತ್ತಿ ಬಂತು. ಆ ಗಿಡವೇ ಸರ್ಪಗಂಧಿ. ಕೆಲವರು ಸರ್ಪಗಂಧ ಎಂತಲೂ ಹೇಳುತ್ತಾರೆ.

ಈ ದಿನ ಆ ಬೇರಿನ ಚರಿತ್ರೆಯನ್ನು ತಮ್ಮ ಮುಂದೆ ಇಡುತ್ತೇನೆ. ಚರಿತ್ರೆ ಏಕೆಂದರೆ, ಇತ್ತೀಚೆಗೆ ಅನೇಕರು ರಕ್ತದ ಒತ್ತಡದ ಮಾತ್ರೆಯನ್ನು ಬಿಟ್ಟು, "ಇದು ಬರೀ ಬೇರು, ಇದರಿಂದ ಏನೂ ತೊಂದರೆ ಇಲ್ಲ" ಎಂದು ಸರ್ಪಗಂಧಿಯ ಪುಡಿಯನ್ನು ತಾವೇ ತೆಗೆದುಕೊಳ್ಳಲು ಹೊರಡುತ್ತಾರೆ. ಬೇರಿನಲ್ಲಿ ಶಕ್ತಿ ಇದೆ ಎಂಬುದು ನಿಜ. ತೊಂದರೆ ಇಲ್ಲ ಎಂಬುದು ಮಾತ್ರ ಸುಳ್ಳು. ಇವೆರಡೂ ಹೇಗೆ ಒಟ್ಟಿಗೆ ಇರುತ್ತವೆ ಎನ್ನುವುದನ್ನು ಈ ಗಿಡದ ಕಥೆಯಷ್ಟು ಚೆನ್ನಾಗಿ ಬೇರಾವುದೂ ತಿಳಿಸಲಾರದು.

ಮೊದಲು ಗಿಡದ ಗುರುತು. ಸರ್ಪಗಂಧಿ ಮೊಣಕಾಲುದ್ದ, ಹೆಚ್ಚೆಂದರೆ ಸೊಂಟದುದ್ದ ಬೆಳೆಯುವ ಪೊದೆ. ಒಂದೊಂದು ಗೆಣ್ಣಿನಲ್ಲಿ ಬಹುಮಟ್ಟಿಗೆ ಮೂರು ಎಲೆಗಳು ಸುತ್ತಲೂ ಕೂತಿರುತ್ತವೆ. ಹೂವು ಬಿಳಿ, ಅದರ ತೊಟ್ಟು ಮತ್ತು ಕೊಳವೆ ಕೆಂಪು ಛಾಯೆಯದು. ಹಣ್ಣು ಮಾಗಿದಾಗ ಕಪ್ಪುಮಿಶ್ರಿತ ನೇರಳೆ ಬಣ್ಣ. ಬೇರು ದಪ್ಪ, ಡೊಂಕು ಡೊಂಕಾಗಿ ಹಾವಿನಂತೆ ಹೋಗುತ್ತದೆ, ರುಚಿ ಬಲು ಕಹಿ. ಪಶ್ಚಿಮ ಘಟ್ಟದ ತೇವವಾದ ಕಾಡಿನ ನೆರಳಿನಲ್ಲಿ, ಉತ್ತರ ಕನ್ನಡ, ಶಿವಮೊಗ್ಗ, ಕೊಡಗಿನ ಸೀಮೆಗಳಲ್ಲಿ ಇದು ತಾನಾಗಿ ಹುಟ್ಟುತ್ತದೆ.

ಇದಕ್ಕೆ ಒಬ್ಬ ದಾಯಾದಿ ಇದೆ. ನಮ್ಮ ಬಯಲುಸೀಮೆಯಲ್ಲಿ, ಬೆಂಗಳೂರಿನ ಸುತ್ತಮುತ್ತಲ ಪಾಳು ಜಾಗಗಳಲ್ಲೂ ಕಾಣುವ ಈ ಗಿಡ ಅಮೆರಿಕ ಖಂಡದಿಂದ ಬಂದು ಇಲ್ಲಿ ನೆಲೆಸಿದ್ದು. ಅದರ ಗೆಣ್ಣಿಗೆ ನಾಲ್ಕು ಎಲೆ, ಅವೂ ಒಂದು ದೊಡ್ಡದು ಒಂದು ಸಣ್ಣದು. ಇದರ ಬೇರನ್ನು ಸರ್ಪಗಂಧಿಯ ಬೇರಿಗೆ ಬೆರಸಿ ಮಾರುವುದು ಹಳೆಯ ರೂಢಿ. ಎರಡೂ ಬೇರಿನಲ್ಲಿ ಮದ್ದಿನ ಅಂಶ ಉಂಟು, ಆದರೆ ಪ್ರಮಾಣ ಬೇರೆ ಬೇರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಸರಿನಲ್ಲಿ ಸರ್ಪ ಇರುವುದರಿಂದ, ಹಾವು ಕಚ್ಚಿದರೆ ಈ ಬೇರು ತೇದು ಕುಡಿಸಬೇಕು ಎಂಬ ನಂಬಿಕೆ ಹಿಂದಿನಿಂದ ಬಂದಿದೆ. ಇದನ್ನು ಇಲ್ಲೇ ಸ್ಪಷ್ಟ ಮಾಡಿಬಿಡುತ್ತೇನೆ. ಹಾವಿನ ವಿಷಕ್ಕೆ ಸರ್ಪಗಂಧಿ ಮದ್ದಲ್ಲ. ಬೇರು ಹುಡುಕುವ ಹೊತ್ತಿನಲ್ಲಿ ಪ್ರಾಣ ಹೋಗುತ್ತದೆ. ಹಾವಿನ ವಿಷಕ್ಕೆ ಇರುವ ಮದ್ದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಚುಚ್ಚುಮದ್ದು ಒಂದೇ. ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ವಿಷಯವೆಂದು ಕರ್ನಾಟಕ ಸರ್ಕಾರ 2024ರಲ್ಲಿ ಘೋಷಿಸಿದೆ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ, ತಡಮಾಡದೆ ಆಸ್ಪತ್ರೆಗೆ ಸಾಗಿಸಿ.

ಇನ್ನು ವಿಜ್ಞಾನಿಗಳು ಇಟ್ಟ ಹೆಸರು ರಾವೋಲ್ಫಿಯ ಸರ್ಪೆಂಟೈನ. ರಾವೋಲ್ಫ್ ಎಂಬಾತ ಜರ್ಮನಿಯ ಆಗ್ಸ್‌ಬರ್ಗ್ ಊರಿನ ವೈದ್ಯ. 16ನೆಯ ಶತಮಾನದಲ್ಲಿ ಗಿಡಮೂಲಿಕೆ ಹುಡುಕುತ್ತ ಸಿರಿಯ, ಇರಾಕ್ ಕಡೆಗೆ ಹೋಗಿ ಬಂದ. ಇಂಡಿಯಾಕ್ಕೆ ಅವನು ಕಾಲಿಡಲೇ ಇಲ್ಲ. ಅವನ ಗೌರವಕ್ಕಾಗಿ ನಂತರದವರು ಈ ಗಿಡಗಳ ಕುಲಕ್ಕೆ ಅವನ ಹೆಸರಿಟ್ಟರು. ಗಿಡವನ್ನು ಕಂಡು ಬಳಸಿದ ಜನ ನಮ್ಮವರು, ಹೆಸರು ಮಾತ್ರ ಅದನ್ನು ಕಾಣದವನದು!

ನಮ್ಮವರು ಇದನ್ನು ಹೇಗೆ ಬಳಸುತ್ತಿದ್ದರು? ಬಿಹಾರ ಮತ್ತು ಬಂಗಾಳದ ಸಂತೆಗಳಲ್ಲಿ ಇದಕ್ಕೆ "ಹುಚ್ಚಿನ ಮದ್ದು" ಎಂದೇ ಹೆಸರು. ನಿದ್ದೆ ಇಲ್ಲದೆ ಕೂಗಾಡುವವರಿಗೆ, ಹೊಡೆಯಲು ಬರುವವರಿಗೆ ಬೇರಿನ ಪುಡಿ ಕೊಟ್ಟರೆ ಶಾಂತರಾಗಿ ಮಲಗುತ್ತಾರೆ ಎಂಬುದು ಅಲ್ಲಿನ ಜನರ ಅನುಭವ. ಅನುಭವ ಸರಿಯೇ ಆಗಿತ್ತು. ಏಕೆ, ಎಷ್ಟು, ಯಾರಿಗೆ ಎಂಬ ಮೂರು ಪ್ರಶ್ನೆಗಳಿಗೆ ಮಾತ್ರ ಉತ್ತರ ಇರಲಿಲ್ಲ.

ಉತ್ತರ ಹುಡುಕುವ ಕೆಲಸ ನಮ್ಮ ದೇಶದಲ್ಲೇ ಶುರುವಾಯಿತು. 1931ರಲ್ಲಿ ಎರಡು ಸಂಗತಿ ನಡೆದವು. ದೆಹಲಿಯಲ್ಲಿ ಹಕೀಂ ಅಜ್ಮಲ್ ಖಾನರು ಸ್ಥಾಪಿಸಿದ ಆಯುರ್ವೇದ ಮತ್ತು ಯುನಾನಿ ಕಾಲೇಜಿನ ಸಂಶೋಧನಾಲಯದಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಎಂಬ ಇಬ್ಬರು ರಸಾಯನ ಶಾಸ್ತ್ರಜ್ಞರು ಬೇರಿನಿಂದ ಕೆಲವು ಸತ್ವಗಳನ್ನು ಬೇರ್ಪಡಿಸಿದರು. ಅದರಲ್ಲಿ ಒಂದಕ್ಕೆ ಅಜ್ಮಲ್ ಖಾನರ ನೆನಪಿಗಾಗಿ ಅಜ್ಮಲೀನ್ ಎಂದು ಹೆಸರಿಟ್ಟರು. ಅದೇ ವರ್ಷ ಕಲ್ಕತ್ತೆಯಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಎಂಬ ವೈದ್ಯರು ಒಂದು ಲೇಖನ ಬರೆದರು. ಈ ಬೇರು ಹುಚ್ಚಿನ ಆವೇಗವನ್ನೂ ಇಳಿಸುತ್ತದೆ, ಏರಿದ ರಕ್ತದ ಒತ್ತಡವನ್ನೂ ಇಳಿಸುತ್ತದೆ ಎಂದು ಅದರಲ್ಲಿ ತಿಳಿಸಿದರು. ಅವರು ಕೊಡುತ್ತಿದ್ದ ಪುಡಿಯ ಅಳತೆ ಹೊತ್ತಿಗೆ 20ರಿಂದ 30 ಗ್ರೈನ್, ದಿನಕ್ಕೆ ಎರಡು ಹೊತ್ತು. ಈಗಿನ ಲೆಕ್ಕದಲ್ಲಿ ಹೊತ್ತಿಗೆ ಸುಮಾರು 1.3ರಿಂದ 2 ಗ್ರಾಂ ಆಯಿತು.

ಆ ಲೇಖನವನ್ನು ಹೊರದೇಶದವರು ಆಗ ಅಷ್ಟಾಗಿ ಗಮನಿಸಲಿಲ್ಲ. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ಅವರು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ 50 ಜನ ರಕ್ತದೊತ್ತಡದ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ಜಗತ್ತು ಆಗ ಕಣ್ಣು ತೆರೆಯಿತು. ಮೂರು ವರ್ಷದಲ್ಲಿ, ಅಂದರೆ 1952ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಸೀಬಾ ಔಷಧ ಕಂಪನಿಯ ವಿಜ್ಞಾನಿಗಳು ಬೇರಿನೊಳಗಿನ ಮುಖ್ಯ ಸತ್ವವನ್ನು ಬೇರ್ಪಡಿಸಿ ಅದಕ್ಕೆ ರೆಸರ್ಪಿನ್ ಎಂದು ಹೆಸರಿಟ್ಟರು. 1954ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಮಾನಸಿಕ ಆಸ್ಪತ್ರೆಯಲ್ಲಿ ನೇಥನ್ ಕ್ಲೈನ್ ಎಂಬ ವೈದ್ಯರು ಇದನ್ನು ರೋಗಿಗಳಿಗೆ ಕೊಟ್ಟು ಗುಣ ಕಂಡಿದ್ದಾಗಿ ಬರೆದರು. 1957ರಲ್ಲಿ ವಕೀಲ್ ಮತ್ತು ಕ್ಲೈನ್ ಇಬ್ಬರಿಗೂ ಅಮೆರಿಕದ ಲ್ಯಾಸ್ಕರ್ ಪ್ರಶಸ್ತಿ ಬಂತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಸಮುದ್ರ ದಾಟಿ ಬಂದ ಮೇಲೆ ಹಿತ್ತಲ ಗಿಡವೂ ಮದ್ದಾಯಿತು.

ಇದೇ ಹೊತ್ತಿನಲ್ಲಿ ನಮ್ಮ ಬೆಂಗಳೂರಿನಲ್ಲೂ ಒಂದು ಬದಲಾವಣೆ ಆಗುತ್ತಿತ್ತು. ಇಲ್ಲಿನ ಹುಚ್ಚಾಸ್ಪತ್ರೆ 19ನೆಯ ಶತಮಾನದಷ್ಟು ಹಳೆಯದು. 1925ರಲ್ಲಿ ಮೈಸೂರು ಸರ್ಕಾರ ಅದಕ್ಕೆ ಮಾನಸಿಕ ಆಸ್ಪತ್ರೆ ಎಂದು ಹೆಸರು ಬದಲಿಸಿತು. ಹೆಸರು ಬದಲಿಸಿದ್ದು ಸಣ್ಣ ಮಾತಲ್ಲ. ಒಳಗಿರುವವರು ಕೂಡಿಹಾಕಬೇಕಾದ ಹುಚ್ಚರಲ್ಲ, ಚಿಕಿತ್ಸೆ ಬೇಕಾದ ರೋಗಿಗಳು ಎಂದು ಒಪ್ಪಿಕೊಂಡಂತೆ. 1954ರಲ್ಲಿ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಪ್ರಾರಂಭವಾಯಿತು. ಡಾಕ್ಟರ್ ಎಂ.ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. 1974ರ ಡಿಸೆಂಬರ್ 27ರಂದು ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಆಯುರ್ವೇದದ ಸಂಶೋಧನೆಯೂ ಅದೇ ಆವರಣದಲ್ಲಿ ನಡೆದಿದೆ. ಅಂದರೆ ನಮ್ಮ ಮೂಲಿಕೆಗಳನ್ನು ದೊಡ್ಡ ವೈದ್ಯರು ತಾತ್ಸಾರ ಮಾಡಿಬಿಟ್ಟರು ಎಂಬ ಮಾತು ಇಲ್ಲಿ ಸಲ್ಲುವುದಿಲ್ಲ. ಪರೀಕ್ಷೆ ಮಾಡಿಯೇ ಒರೆ ಹಚ್ಚಿದರು.

ಹಾಗೆ ಒರೆ ಹಚ್ಚಿದಾಗ ಗುಣದ ಜೊತೆಗೆ ದೋಷವೂ ಕಂಡಿತು. ರೆಸರ್ಪಿನ್ ಜಗತ್ತಿನಾದ್ಯಂತ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ವೈದ್ಯರು ಬೇರೊಂದು ಬಗೆಯ ಸುದ್ದಿ ಬರೆಯತೊಡಗಿದರು. ರಕ್ತದ ಒತ್ತಡಕ್ಕೆ ಮದ್ದು ತೆಗೆದುಕೊಂಡ ಕೆಲವರು, ವಿಶೇಷವಾಗಿ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರು, ಕಾರಣವಿಲ್ಲದೆ ಖಿನ್ನರಾಗಿ ಮೂಲೆ ಹಿಡಿದರು. ಊಟ ಬೇಡ, ಮಾತು ಬೇಡ, ಬದುಕೂ ಬೇಡ ಎನ್ನುವ ಸ್ಥಿತಿ. ಕೆಲವರು ಪ್ರಾಣ ಕಳೆದುಕೊಂಡದ್ದೂ ವರದಿಯಾಯಿತು. ಮೂಗು ಕಟ್ಟುವುದು, ನಾಡಿ ನಿಧಾನವಾಗುವುದು, ಎದ್ದು ನಿಂತರೆ ತಲೆ ಸುತ್ತುವುದು, ಹೊಟ್ಟೆಯ ಹುಣ್ಣು ಕೆರಳುವುದು, ಕೈ ನಡುಗುವುದು, ಇವೂ ಕಂಡುಬಂದವು. ಅಳತೆ ಕಡಮೆ ಮಾಡಿದಾಗ ಈ ತೊಂದರೆಗಳೂ ಬಹಳ ಮಟ್ಟಿಗೆ ಇಳಿದವು.

ಹೀಗೇಕೆ ಆಗುತ್ತದೆ ಎಂದು ಹುಡುಕಿದ್ದರಿಂದ ಇನ್ನೊಂದು ದೊಡ್ಡ ಉಪಕಾರ ಆಯಿತು. ನಮ್ಮ ಮಿದುಳಿನಲ್ಲಿ ಒಂದು ನರದಿಂದ ಇನ್ನೊಂದು ನರಕ್ಕೆ ಸುದ್ದಿ ಒಯ್ಯುವ ಕೆಲವು ರಸಗಳಿವೆ. ರೈತರು ಕಣಜದಲ್ಲಿ ಕಾಳು ಕೂಡಿಟ್ಟಂತೆ ನರಗಳು ಈ ರಸವನ್ನು ಸಣ್ಣ ಸಣ್ಣ ಚೀಲಗಳಲ್ಲಿ ಕೂಡಿಡುತ್ತವೆ. ರೆಸರ್ಪಿನ್ ಆ ಕಣಜವನ್ನು ತೂತು ಮಾಡಿದಂತೆ ಕೆಲಸ ಮಾಡುತ್ತದೆ, ಕೂಡಿಟ್ಟದ್ದು ಸೋರಿಹೋಗುತ್ತದೆ. ಅದರಿಂದಲೇ ಒತ್ತಡ ಇಳಿಯುವುದು, ಆವೇಗ ತಣಿಯುವುದು. ಅದರಿಂದಲೇ ಮನಸ್ಸು ಕುಸಿಯುವುದೂ ಸಹ. ಗುಣ, ದೋಷ ಎರಡೂ ಒಂದೇ ಬಾಗಿಲಿನಿಂದ ಬರುತ್ತವೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಎಂಬ ವಿಜ್ಞಾನಿ 1957ರಲ್ಲಿ ರೆಸರ್ಪಿನ್ ಕೊಟ್ಟು ಮರಗಟ್ಟಿದಂತಾದ ಪ್ರಾಣಿಗಳಿಗೆ ಎಲ್-ಡೋಪ ಎಂಬ ವಸ್ತುವನ್ನು ಕೊಟ್ಟು ಮತ್ತೆ ಓಡಾಡುವಂತೆ ಮಾಡಿ ತೋರಿಸಿದರು. ಮುದುಕರ ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆಗೆ ಇವತ್ತು ಕೊಡುವ ಮದ್ದಿಗೆ ಈ ಕೆಲಸವೇ ದಾರಿಯಾಯಿತು. ಅವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ಬಂತು.

ಈಗ ಅಳತೆಯ ಲೆಕ್ಕಕ್ಕೆ ಬರೋಣ. ಇಡೀ ಮಾತಿನ ತಿರುಳು ಇಲ್ಲಿದೆ. ರಕ್ತದ ಒತ್ತಡಕ್ಕೆ ವೈದ್ಯರು ದಿನಕ್ಕೆ ಕೊಡುತ್ತಿದ್ದ ರೆಸರ್ಪಿನ್ ಸಾಮಾನ್ಯವಾಗಿ 0.1ರಿಂದ 0.25 ಮಿಲಿಗ್ರಾಂ. ಒಂದು ಗ್ರಾಮನ್ನು ಸಾವಿರ ಪಾಲು ಮಾಡಿದರೆ ಬರುವುದು ಒಂದು ಮಿಲಿಗ್ರಾಂ. ಅದರಲ್ಲೂ ಕಾಲು ಪಾಲು ಇದು. ಒಣಗಿದ ಬೇರಿನಲ್ಲಿ ರೆಸರ್ಪಿನ್ ನೂರಕ್ಕೆ 0.1ರಷ್ಟು ಇದೆ ಎಂದಿಟ್ಟುಕೊಳ್ಳಿ. ಒಂದು ಟೀ ಚಮಚ ಪುಡಿ ಸುಮಾರು 3 ಗ್ರಾಂ ತೂಗಿದರೆ, ಅದರಲ್ಲಿ 3 ಮಿಲಿಗ್ರಾಂ ರೆಸರ್ಪಿನ್ ಬಂತು. ಅಂದರೆ ಒಂದು ಚಮಚಕ್ಕೆ 0.25ರ ಲೆಕ್ಕದಲ್ಲಿ ಹನ್ನೆರಡು ದಿನದ ಮದ್ದು! ಇನ್ನು ಬೇರು ಬಲಿತದ್ದೋ ಎಳೆಯದೋ, ಸಿಪ್ಪೆ ಉಳಿದಿದೆಯೋ ಇಲ್ಲವೋ, ಯಾವ ನೆಲದ್ದು, ದಾಯಾದಿ ಗಿಡದ ಬೇರು ಎಷ್ಟು ಬೆರೆತಿದೆ, ಇದರ ಮೇಲೆ ಈ ಪ್ರಮಾಣ ಏರಿಳಿಯುತ್ತದೆ. ಕಣ್ಣಿನಿಂದ ನೋಡಿ, ನಾಲಗೆಯಲ್ಲಿ ಇಟ್ಟು ಇದನ್ನು ಹೇಳಲು ಯಾರಿಂದಲೂ ಆಗದು.

ಮತ್ತೊಂದು ಅಪಾಯ ಇನ್ನೂ ಮೋಸದ್ದು. ಈ ಮದ್ದು ಕೂಡಲೇ ಕೆಲಸ ತೋರಿಸುವುದಿಲ್ಲ. ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತವೆ. ಮೂರು ದಿನ ತಿಂದು, "ಏನೂ ಗುಣ ಕಾಣಲಿಲ್ಲ" ಎಂದು ನಾಲ್ಕನೆಯ ದಿನ ಎರಡು ಚಮಚ ಹಾಕಿದರೆ, ಎಲ್ಲ ಕೂಡಿ ಒಮ್ಮೆಲೆ ಹಿಡಿಯುತ್ತದೆ. ಬಿಟ್ಟ ಮೇಲೂ ಬೇಗ ಇಳಿಯುವುದಿಲ್ಲ. ತೂತಾದ ಕಣಜ ಮತ್ತೆ ತುಂಬಬೇಕಲ್ಲ!

ಹಾಗಾದರೆ ಈ ಬೇರು ಕೆಟ್ಟದ್ದೇ? ಅಲ್ಲ. ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 143 ಜನ ತೀವ್ರ ರಕ್ತದೊತ್ತಡದ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 1967ರಲ್ಲಿ ಪ್ರಕಟವಾಯಿತು. ಅಳೆದ ರೆಸರ್ಪಿನ್ನನ್ನು ಇನ್ನೆರಡು ಮದ್ದುಗಳ ಜೊತೆ ಸೇರಿಸಿ ಒಂದು ಗುಂಪಿಗೆ ಕೊಟ್ಟರು. ಇನ್ನೊಂದು ಗುಂಪಿಗೆ ಮದ್ದಿಲ್ಲದ ಹುಸಿ ಮಾತ್ರೆ. ಮದ್ದು ಪಡೆದವರಲ್ಲಿ ಪಾರ್ಶ್ವವಾಯು ಮೊದಲಾದ ಅನಾಹುತಗಳು ಬಹಳ ಕಡಮೆಯಾದವು. ರಕ್ತದ ಒತ್ತಡವನ್ನು ಇಳಿಸಿದರೆ ಜೀವ ಉಳಿಯುತ್ತದೆ ಎಂದು ಹೀಗೆ ಖಚಿತವಾಗಿ ತೋರಿಸಿದ ಮೊದಲ ಪರೀಕ್ಷೆಗಳಲ್ಲಿ ಇದೊಂದು. ಅದರಲ್ಲಿ ನಮ್ಮ ಕಾಡಿನ ಬೇರಿನ ಸತ್ವಕ್ಕೂ ಪಾಲುಂಟು. ಸಂತೆಯ ಪುಡಿಗೂ ಆ ಮಾತ್ರೆಗೂ ಇರುವ ಅಂತರ ಅಳತೆಯದು, ರೋಗಿಯನ್ನು ಮತ್ತೆ ಮತ್ತೆ ಪರೀಕ್ಷಿಸಿ ನೋಡುವವರದು. ಆಮೇಲೆ ಇದಕ್ಕಿಂತ ಸುರಕ್ಷಿತವಾದ ಮದ್ದುಗಳು ಬಂದವು. ಮನಸ್ಸಿನ ಕಾಯಿಲೆಗೂ, ರಕ್ತದ ಒತ್ತಡಕ್ಕೂ ವೈದ್ಯರು ಈಗ ಬಹುಮಟ್ಟಿಗೆ ಆ ಹೊಸ ಮದ್ದುಗಳನ್ನೇ ಬರೆದುಕೊಡುತ್ತಾರೆ.

ಜಗತ್ತೆಲ್ಲ ಈ ಬೇರನ್ನು ಬೇಡಿದ ಆ ವರ್ಷಗಳಲ್ಲಿ ಬೆಲೆ ತೆತ್ತದ್ದು ಕಾಡು. ಎಲೆ ಕಿತ್ತರೆ ಗಿಡ ಚಿಗುರುತ್ತದೆ, ಬೇರು ಕಿತ್ತರೆ ಗಿಡವೇ ಹೋಯಿತು. ಬೀಜ ಕಟ್ಟುವ ಮೊದಲೇ ಅಗೆದರೆ ಮುಂದಿನ ಪೀಳಿಗೆಯೂ ಹೋಯಿತು. ಇಲ್ಲಿ ಬೇರು ಸಿಗುವುದು ಕಷ್ಟವಾದ ಮೇಲೆ ಔಷಧ ಕಂಪನಿಗಳು ಇದೇ ಕುಲದ ಆಫ್ರಿಕದ ಮರವೊಂದರ ಬೇರಿಗೆ ತಿರುಗಿದವು. 1990ರಲ್ಲಿ ಸರ್ಪಗಂಧಿಯನ್ನು ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಹತೋಟಿ ಇಡುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿಸಿದರು. ಅಂದಿನಿಂದ ಬೇರನ್ನು ಹೊರದೇಶಕ್ಕೆ ಕಳಿಸಬೇಕಾದರೆ ಅನುಮತಿ ಪತ್ರ ಬೇಕು. ಕಾಡಿನಲ್ಲಿ ಅಗೆದು ತಂದದ್ದಕ್ಕೆ ಅದು ಸಿಗುವುದು ಸುಲಭವಲ್ಲ.

ಆದ್ದರಿಂದ ಬೇರು ಬೇಕಾದರೆ ಹೊಲದಲ್ಲಿ ಬೆಳೆಯಬೇಕು. ಬೆಳೆಯುವ ಮನಸ್ಸುಳ್ಳವರು ಕೆಲವು ವಿಷಯ ತಿಳಿದಿರತಕ್ಕದ್ದು. ಬೀಜ ಚೆನ್ನಾಗಿ ಮೊಳೆಯುವುದಿಲ್ಲ, ಹಳೆಯದಾದಷ್ಟೂ ಇನ್ನೂ ಕಡಮೆ. ಹೊಸ ಬೀಜವನ್ನೇ ನೀರಿನಲ್ಲಿ ನೆನೆಸಿ, ತೇಲುವ ಜೊಳ್ಳು ತೆಗೆದು, ಏಪ್ರಿಲ್ ಮೇ ತಿಂಗಳಲ್ಲಿ ಒಟ್ಲು ಹಾಕಬೇಕು. ಬೇರಿನ ತುಂಡುಗಳಿಂದಲೂ ಗಿಡ ಮಾಡಬಹುದು. ಮುಂಗಾರು ಹಿಡಿದ ಮೇಲೆ ನಾಟಿ. ಗೊಬ್ಬರದ ಅಂಶವಿರುವ, ನೀರು ನಿಲ್ಲದ ಮರಳುಗೋಡು ಒಳ್ಳೆಯದು. ಸುಮಾರು 18 ತಿಂಗಳಿಗೆ, ಚಳಿಗಾಲದಲ್ಲಿ ಎಲೆ ಉದುರಿದಾಗ ಬೇರು ತೆಗೆಯುತ್ತಾರೆ. ಸತ್ವದ ಹೆಚ್ಚಿನ ಪಾಲು ಇರುವುದು ಬೇರಿನ ಸಿಪ್ಪೆಯಲ್ಲಿ. ತೊಳೆಯುವಾಗ ಉಜ್ಜಿ ಸಿಪ್ಪೆ ಸುಲಿದರೆ ಬೆಳೆಯೇ ಹೋದಂತೆ. ಇಂದೂರಿನ ಕೃಷಿ ಕಾಲೇಜಿನಲ್ಲಿ ಸಿದ್ಧಪಡಿಸಿದ ಆರ್.ಎಸ್.-1 ಎಂಬ ತಳಿ ಉಂಟು. ನೆಡುವ ಮೊದಲು ಕೊಳ್ಳುವವರು ಯಾರು ಎಂದು ಬರವಣಿಗೆಯಲ್ಲಿ ಗೊತ್ತುಮಾಡಿಕೊಳ್ಳಿ. ಒಂದೂವರೆ ವರ್ಷ ನೆಲ ಹಿಡಿಯುವ ಬೆಳೆ ಇದು, ಬೆಲೆ ಕೇಳಿದ ಮಾತ್ರಕ್ಕೆ ಇಡೀ ಹೊಲಕ್ಕೆ ಹಾಕುವುದು ಬೇಡ. ರಾಜ್ಯದ ಔಷಧಿ ಗಿಡಮೂಲಿಕೆಗಳ ಪ್ರಾಧಿಕಾರ ಮತ್ತು ತೋಟಗಾರಿಕೆ ಇಲಾಖೆಯವರನ್ನು ಮೊದಲು ವಿಚಾರಿಸಿ. ಬೆಳೆದವರ ಮೇಲೆ ಒಂದು ಹೊಣೆಯೂ ಇದೆ. ನೆರೆಹೊರೆಯವರು ಬಂದು "ಒಂದು ಹಿಡಿ ಬೇರು ಕೊಡಪ್ಪ, ನಮ್ಮಪ್ಪನಿಗೆ ಬೀಪಿ" ಅಂದರೆ, ದಾಕ್ಷಿಣ್ಯಕ್ಕೆ ಕೊಡಬೇಡಿ.

ಮನೆಯವರು ನೆನಪಿಡಬೇಕಾದ ಮಾತುಗಳನ್ನು ಈಗ ಹೇಳುತ್ತೇನೆ. ರಕ್ತದ ಒತ್ತಡದ ಮಾತ್ರೆ ನುಂಗುತ್ತಿರುವವರು ಅದನ್ನು ತಾವಾಗಿ ನಿಲ್ಲಿಸಿ ಬೇರಿಗೆ ಇಳಿಯಬಾರದು. ಮಾತ್ರೆಯ ಜೊತೆಗೆ ಬೇರನ್ನೂ ಸೇರಿಸಬಾರದು. ಬಸುರಿಯರು, ಹಾಲುಣಿಸುವ ತಾಯಂದಿರು, ಹೊಟ್ಟೆಹುಣ್ಣು ಇರುವವರು, ಕೈ ನಡುಕದ ಕಾಯಿಲೆಯವರು, ಹಿಂದೆ ಯಾವಾಗಲಾದರೂ ಮನಸ್ಸು ಕುಗ್ಗಿ ಕಷ್ಟಪಟ್ಟವರು ಇದನ್ನು ಮುಟ್ಟಲೇಬಾರದು. ಹೆಂಡ ಸಾರಾಯಿಯ ಜೊತೆ ಸೇರಿದರೆ ಮಂಪರು ಇನ್ನೂ ಹೆಚ್ಚು. ಆಯುರ್ವೇದದ ಅಂಗಡಿಗಳಲ್ಲಿ ಸರ್ಪಗಂಧ ಸೇರಿದ ಗುಳಿಗೆಗಳು ಸಿಗುತ್ತವೆ. ಅವನ್ನೂ ಓದಿ ತಿಳಿದ ವೈದ್ಯರು ನಾಡಿ, ಒತ್ತಡ ನೋಡಿ ಕೊಟ್ಟರೆ ಮಾತ್ರ ತೆಗೆದುಕೊಳ್ಳಿ. ನೀವು ಏನೇನು ತೆಗೆದುಕೊಳ್ಳುತ್ತಿದ್ದೀರಿ ಎಂದು ಡಾಕ್ಟರಿಗೂ, ವೈದ್ಯರಿಗೂ ಮುಚ್ಚಿಡದೆ ಹೇಳಿ. ಶಸ್ತ್ರಚಿಕಿತ್ಸೆಗೆ ಹೋಗುವ ಮೊದಲಂತೂ ತಪ್ಪದೆ ಹೇಳಬೇಕು.

ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯವಾದದ್ದು. ಮನೆಯಲ್ಲಿ ಒಬ್ಬರಿಗೆ ಬುದ್ಧಿ ಕೆಟ್ಟಂತಾದರೆ, ಊರಿನವರಿಗೆ ತಿಳಿದರೆ ಮಾನ ಹೋದೀತೆಂದು ಹೆದರಿ, ಗುಟ್ಟಾಗಿ ಅನ್ನದಲ್ಲೋ ಮಜ್ಜಿಗೆಯಲ್ಲೋ ಪುಡಿ ಬೆರಸಿ ಕೊಡುವವರಿದ್ದಾರೆ. ಕೂಗಾಟ ನಿಂತರೆ ಗುಣವಾಯಿತೆಂದು ತಿಳಿಯುತ್ತಾರೆ. ಆತ ಸುಮ್ಮನಾಗಿರುವುದು ಗುಣವಾದ್ದರಿಂದಲೋ, ಬದುಕೇ ಬೇಡವಾದ್ದರಿಂದಲೋ ಹೊರಗಿನಿಂದ ಹೇಗೆ ತಿಳಿಯಬೇಕು? ಅದನ್ನು ತಿಳಿಯಬಲ್ಲವರು ಇದ್ದಾರೆ. ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ ಇದ್ದಾರೆ, ಜಿಲ್ಲಾ ಆಸ್ಪತ್ರೆಗಳಲ್ಲೂ ಇದ್ದಾರೆ. ದೂರ ಹೋಗಲು ಆಗದವರು 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ಹುಚ್ಚಿನ ಮದ್ದು ಎಂದು ಹಳ್ಳಿಗರು ಕರೆದ ಬೇರು, ಅಳೆಯಲು ಕಲಿತ ಮೇಲೆ ಔಷಧವಾಯಿತು. ಅಳತೆ ಕೈಬಿಟ್ಟರೆ ಮತ್ತೆ ಅಪಾಯವಾಗುತ್ತದೆ. ಕಾಡಿನಲ್ಲಿ ಅದನ್ನು ಉಳಿಸಿ, ಹೊಲದಲ್ಲಿ ಬೇಕಾದರೆ ಬೆಳೆಸಿ, ಮನೆಯ ಅಡಿಗೆ ಕೋಣೆಗೆ ಮಾತ್ರ ತರಬೇಡಿ.